ಮೌಖಿಕ ಪರಂಪರೆ, ಸ್ಮೃತಿ ಮತ್ತು ಪುರಾಣ: ಶರಾವತಿ ಸೀಮೆಯ ಕಥನಗಳು ಹಾಗೂ ಕಾಲೇಜು ತರಗತಿ

ಕನ್ನಡದಲ್ಲಿ ಮೌಖಿಕ ಪರಂಪರೆಯ ಅಧ್ಯಯನವು ಸಂಗ್ರಹಕಾರ್ಯದಿಂದ ಮೊದಲಾಯಿತು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾದ ಕಾಲದಿಂದಲೂ, ಬಾಯಲ್ಲಿರುವುದು ಅಳಿದುಹೋಗುವ ಮುನ್ನ ಕಾಗದಕ್ಕೆ ಇಳಿಯಬೇಕೆಂಬ ಕಳಕಳಿಯೇ ಈ ಕ್ಷೇತ್ರದ ಮುಖ್ಯ ಪ್ರೇರಣೆಯಾಗಿದೆ. ಆ ಪರಿಶ್ರಮದಿಂದ ಕನ್ನಡಕ್ಕೆ ದೊರೆತ ಸಂಪತ್ತು ಅಪಾರವಾದುದು. ಆದರೆ ಅದರ ಒಂದು ಅಡ್ಡಪರಿಣಾಮವೂ ಪದವಿ ತರಗತಿಗಳಲ್ಲಿ ಕಾಣುತ್ತದೆ. ಜಾನಪದವೆಂದರೆ ಗೀತೆ, ಕಥೆ, ಗಾದೆ, ಒಗಟು, ಆಚರಣೆ ಎಂಬೊಂದು ಪಟ್ಟಿ. ಪ್ರತಿಯೊಂದಕ್ಕೂ ಒಂದು ವ್ಯಾಖ್ಯೆ, ಎರಡು ಉದಾಹರಣೆ. ಪರೀಕ್ಷೆಯಲ್ಲಿ ಇಷ್ಟನ್ನು ಚೊಕ್ಕವಾಗಿ ಬರೆಯುವ ವಿದ್ಯಾರ್ಥಿಗೆ, ತನ್ನ ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿ ಮುಳುಗಿಹೋದ ಊರಿನ ಬಗ್ಗೆ ಆಡುವ ಮಾತೂ ಅದೇ ವಿಷಯಕ್ಕೆ ಸೇರಿದ್ದೆಂದು ತಿಳಿಯುವ ಸಂದರ್ಭವೇ ಒದಗುವುದಿಲ್ಲ.

ಈ ಕೊರತೆಯನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಷ್ಟು ತೀಕ್ಷ್ಣವಾಗಿ ಎತ್ತಿ ತೋರಿಸುವ ಸೀಮೆಗಳು ಕರ್ನಾಟಕದಲ್ಲಿ ವಿರಳ. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನಂತಹ ಊರಿನಿಂದ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಸಾಂತರರ ಹುಂಚ ದೂರವಲ್ಲ. ಕೆಳದಿ ಅರಸರ ಕವಲೇದುರ್ಗ ಅದೇ ತಾಲ್ಲೂಕಿನಲ್ಲಿದೆ. ಮೂರು ತಾಲ್ಲೂಕುಗಳನ್ನು ಒಂದು ದಾರದಂತೆ ಪೋಣಿಸುವ ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕನ್ನು ಹಾಯ್ದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಗೆ ಸಿಕ್ಕಿ ನಿಲ್ಲುತ್ತದೆ. ನದಿಯ ಮೂಲದಲ್ಲಿ ಸೀತೆಯ ಬಾಯಾರಿಕೆ ನೀಗಿಸಲು ರಾಮನು ಬಾಣ ಬಿಟ್ಟ ಕಥೆಯಿದೆ. ಕೆಳಗೆ, ಹಿನ್ನೀರಿನಡಿಯಲ್ಲಿ, ಹಳ್ಳಿಗಳ ನೆನಪಿದೆ. ಮೊದಲನೆಯದನ್ನು ಪುರಾಣವೆಂದೂ ಎರಡನೆಯದನ್ನು ಚರಿತ್ರೆಯೆಂದೂ ಕರೆದು ಎರಡು ವಿಭಾಗಗಳಿಗೆ ಹಂಚಿಬಿಡುವುದು ಸುಲಭ. ಹಾಗೆ ಹಂಚುವುದರಿಂದ ತರಗತಿಗೆ ಆಗುವ ನಷ್ಟವೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಪರಿಭಾಷೆಯನ್ನು ಮೊದಲು ಗಮನಿಸಬೇಕು. ಪುರಾಣ, ಐತಿಹ್ಯ, ಕಥೆ ಎಂಬ ವಿಂಗಡಣೆಯನ್ನು ಪಠ್ಯಪುಸ್ತಕಗಳು ಪಾಶ್ಚಾತ್ಯ ಜಾನಪದಶಾಸ್ತ್ರದ ಮಾದರಿಯಲ್ಲಿ ಕೊಡುತ್ತವೆ. ಹೇಳುವವರ ಬಾಯಲ್ಲಿಯೂ ವಿಂಗಡಣೆಯಿದೆ. ಅದು ಬೇರೆ ಬಗೆಯದು. ‘ಹಿಂದಿನವರು ಹೇಳ್ತಿದ್ರು’ ಎಂದು ಆರಂಭವಾಗುವ ಮಾತಿಗೂ, ‘ನಮ್ಮಪ್ಪ ಕಂಡದ್ದು’ ಎಂದು ಆರಂಭವಾಗುವ ಮಾತಿಗೂ, ‘ಇದು ಕಥೆಯಲ್ಲ, ನಡೆದದ್ದು’ ಎಂದು ಒತ್ತಿ ಹೇಳುವ ಮಾತಿಗೂ ನಡುವೆ ಇರುವ ಅಂತರವನ್ನು ವಕ್ತೃವೇ ಗುರುತಿಸಿಕೊಟ್ಟಿರುತ್ತಾನೆ. ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿ ಕಥೆಯ ಸಾರಾಂಶವನ್ನು ಮಾತ್ರ ಬರೆದುಕೊಂಡು ಬಂದರೆ ಮೊದಲು ಬಿಟ್ಟುಹೋಗುವುದು ಈ ಪೀಠಿಕೆಯ ಮಾತುಗಳೇ. ಅವು ಬಿಟ್ಟುಹೋದರೆ ಉಳಿದದ್ದು ಯಾವ ಬಗೆಯ ಕಥನವೆಂದು ನಿರ್ಧರಿಸಲು ಆಧಾರವಿರುವುದಿಲ್ಲ.

ಬೆಲ್ಜಿಯಂ ಮೂಲದ ಇತಿಹಾಸಕಾರ ಯಾನ್ ವಾನ್ಸಿನಾ ಆಫ್ರಿಕಾದ ಸಮುದಾಯಗಳ ನಡುವೆ ಕೆಲಸ ಮಾಡಿ 1961ರಲ್ಲಿ ಪ್ರಕಟಿಸಿದ, ಮುಂದೆ 1985ರಲ್ಲಿ ಹೊಸದಾಗಿ ಬರೆದ ಗ್ರಂಥಗಳಲ್ಲಿ ಉಪಯುಕ್ತವಾದ ಒಂದು ಗೆರೆ ಎಳೆದಿದ್ದಾನೆ. ವಕ್ತೃವಿನ ಜೀವಿತಕಾಲದಲ್ಲಿಯೇ ನಡೆದ ಘಟನೆಯ ನೆನಪು ಮೌಖಿಕ ಇತಿಹಾಸ. ಕನಿಷ್ಠ ಒಂದು ತಲೆಮಾರನ್ನು ದಾಟಿ, ಕೇಳಿದವರಿಂದ ಕೇಳಿ ಬಂದದ್ದು ಮೌಖಿಕ ಪರಂಪರೆ. ಈ ಗೆರೆ ಸ್ಥಿರವಾದುದಲ್ಲ. ಸಾಕ್ಷಿಗಳು ಕಣ್ಮರೆಯಾದಂತೆ ಅದು ಮುಂದಕ್ಕೆ ಸರಿಯುತ್ತದೆ. ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಅದು ಈಗ ಕಾಗೋಡು ಸತ್ಯಾಗ್ರಹವನ್ನು ದಾಟುತ್ತಿದೆ. 1951ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ತೊಂಬತ್ತನ್ನು ದಾಟಿದವರು. ಲಿಂಗನಮಕ್ಕಿಯ ನೀರು ಏರಿದಾಗ ಗಟ್ಟಿ ಪ್ರಾಯದಲ್ಲಿದ್ದವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಸಾಕ್ಷಿಗಳು ಹೋದ ಮೇಲೆ ನೆನಪಿಗೆ ಏನಾಗುತ್ತದೆ ಎಂಬುದಕ್ಕೆ ಇದೇ ಸೀಮೆಯಲ್ಲಿ ಎರಡು ಹಳೆಯ, ಚೆನ್ನಾಗಿ ದಾಖಲಾದ ನಿದರ್ಶನಗಳಿವೆ.

ಮೊದಲನೆಯದು ಹುಂಚದ ಜಿನದತ್ತರಾಯನದು. ಜನರು ಹೇಳುವ ಕಥೆಯಲ್ಲಿ ಜಿನದತ್ತನು ಉತ್ತರ ಮಧುರೆಯ ರಾಜಕುಮಾರ. ತಂದೆ ನರಮಾಂಸದ ರುಚಿಗೆ ಬಿದ್ದು ಕ್ರೂರಿಯಾಗುತ್ತಾನೆ. ಮಗ ಪದ್ಮಾವತಿ ದೇವಿಯ ಮೂರ್ತಿಯೊಡನೆ ಕುದುರೆಯೇರಿ ದಕ್ಷಿಣಕ್ಕೆ ಬರುತ್ತಾನೆ. ಲಕ್ಕಿ ಗಿಡದ ಬಳಿ ದೇವಿ ನೆಲೆ ನಿಲ್ಲುತ್ತಾಳೆ. ಮೂರ್ತಿಗೆ ಮುಟ್ಟಿಸಿದ ಕಬ್ಬಿಣ ಹೊನ್ನಾಗುತ್ತದೆ. ಹಾಗಾಗಿ ಊರು ಹೊಂಬುಜ. ದೊರೆತ ಎರಡು ಮುತ್ತುಗಳಲ್ಲಿ ಒಳ್ಳೆಯದನ್ನು ರಾಣಿಗೂ ಉಳಿದದ್ದನ್ನು ದೇವಿಗೂ ಕೊಟ್ಟದ್ದರಿಂದ ದೇವಿ ಮುನಿದು ಆ ಶಕ್ತಿಯನ್ನು ಹಿಂತೆಗೆದುಕೊಂಡಳೆಂದು ಕಥೆ ಮುಂದುವರಿಯುತ್ತದೆ. ಹುಂಚದ ಮುತ್ತಿನಕೆರೆಯನ್ನೂ ಲಕ್ಕಿ ಗಿಡವನ್ನೂ ಭಕ್ತರು ಇಂದಿಗೂ ತೋರಿಸುತ್ತಾರೆ.

ಇದೇ ಜಿನದತ್ತನ ವೃತ್ತಾಂತ ಹುಂಚದ ಪಂಚಬಸದಿಯ 1077ರ ಶಾಸನದಲ್ಲಿದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ, ಅಂದರೆ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನೊಳಗೊಂಡು 1904ರಲ್ಲಿ ಹೊರಬಂದ ಸಂಪುಟದಲ್ಲಿ, ಅದು ಅಚ್ಚಾಗಿದೆ. ಶಾಸನದ ಪಾಠದಲ್ಲಿ ವಂಶದ ಮೂಲ ಭಾರತ ಯುದ್ಧದವರೆಗೆ ಹೋಗುತ್ತದೆ. ಜಿನದತ್ತ ದಾರಿಯುದ್ದಕ್ಕೂ ಅಸುರರನ್ನು ಕೊಲ್ಲುತ್ತ ಬರುತ್ತಾನೆ. ಕನಕಪುರದಲ್ಲಿ ಲೊಕ್ಕಿ ಮರದಲ್ಲಿ ಪದ್ಮಾವತಿ ನೆಲೆಸುತ್ತಾಳೆ. ತರಗತಿಯಲ್ಲಿ ಈ ಎರಡನ್ನು ಅಕ್ಕಪಕ್ಕ ಇರಿಸಿದೊಡನೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯಾವುದು ನಿಜ?’ ಎಂಬುದು. ಶಾಸನ ಕಲ್ಲಿನಲ್ಲಿದೆ, ಆದ್ದರಿಂದ ಅದೇ ನಿಜ ಎಂಬ ಉತ್ತರವೂ ಬೇಗನೆ ಬರುತ್ತದೆ. ಈ ಉತ್ತರವನ್ನು ಅಲ್ಲಿಯೇ ತಡೆಯುವುದು ಅಧ್ಯಾಪಕರ ಕೆಲಸ. ವಿಕ್ರಮ ಸಾಂತರನು ಹುಂಚದ ಗುಡ್ಡದ ಬಸದಿಯನ್ನು ಕಟ್ಟಿಸಿದ್ದು ಒಂಬತ್ತನೆಯ ಶತಮಾನದ ಕೊನೆಯಲ್ಲಿ. ಜಿನದತ್ತನ ಕಥೆಯನ್ನು ಸವಿಸ್ತಾರವಾಗಿ ಹೇಳುವ ಶಾಸನ ಅದಕ್ಕಿಂತ ಸುಮಾರು 180 ವರ್ಷ ಈಚಿನದು. ಅದನ್ನು ಕಂಡರಿಸಿದ ಕವಿಯೂ ಕೇಳಿದ್ದನ್ನೇ ಬರೆದವನು. ಶಾಸನವೂ ಒಂದು ಕಾಲದ ಬಾಯ್ಮಾತಿನ ದಾಖಲೆ ಎಂಬ ತಿಳಿವು ಮೂಡಿದಾಗ ಕಲ್ಲು ಮತ್ತು ಬಾಯಿಯ ನಡುವಣ ಮೇಲುಕೀಳಿನ ಲೆಕ್ಕ ಬದಲಾಗುತ್ತದೆ.

ಮುಂದಿನ ಪ್ರಶ್ನೆ, ಆ ಕಥೆ ಆ ಹೊತ್ತಿನಲ್ಲಿಯೇ ಯಾರಿಗೆ ಬೇಕಾಯಿತು ಎಂಬುದು. ಉರ್ವೀತಿಲಕವೆಂದು ಹೆಸರಾದ ಪಂಚಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ. ಅವಳು ತನ್ನ ತಂಗಿಯ ನಾಲ್ವರು ಮಕ್ಕಳನ್ನು, ತೈಲ, ಗೊಗ್ಗಿಗ, ಒಡ್ಡಿಗ, ಬರ್ಮರನ್ನು, ತನ್ನವರೆಂದೇ ಸಾಕಿದವಳು. ತಾಯಿಯಿಲ್ಲದ ರಾಜಕುಮಾರರ ಹಿಂದೆ ಭಾರತ ಯುದ್ಧದಿಂದ ಇಳಿದುಬಂದ ವಂಶವೊಂದನ್ನೂ ವರ ಕೊಟ್ಟ ದೇವಿಯೊಬ್ಬಳನ್ನೂ ನಿಲ್ಲಿಸುವ ಅಗತ್ಯ ಅವಳಿಗಿದ್ದಿರಬೇಕು. ಇದು ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ. ಇದೇ ಜಿನದತ್ತ ಘಟ್ಟವಿಳಿದು ಕಳಸ–ಕಾರ್ಕಳದ ಭೈರರಸರಿಗೂ ಮೂಲಪುರುಷನಾದ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ತನ್ನನ್ನು ಅದೇ ಕುಲದವನೆಂದು ಹೇಳಿಕೊಂಡಿದ್ದಾನೆ. ಹೀಗೆ ನೆನಪು ಅಧಿಕಾರದ ಜೊತೆಗೆ ಪ್ರಯಾಣ ಮಾಡುತ್ತದೆ. ಶಾಸನದಲ್ಲಿ ಅಸುರರೆಂದು ಕೊಲ್ಲಿಸಿಕೊಂಡವರು ಯಾರು, ಅವರ ಕಡೆಯ ಕಥೆ ಏನಾಯಿತು ಎಂಬುದಕ್ಕೆ ಮಾತ್ರ ಕಲ್ಲಿನಲ್ಲಿ ಜಾಗ ದೊರೆಯಲಿಲ್ಲ.

ಹೊನ್ನಿನ ಪ್ರಸಂಗದ ಬಗ್ಗೆ ಒಂದು ಮಾತು. ಪೊಂಬುಚ್ಚ ಎಂಬ ಹಳೆಯ ರೂಪದಲ್ಲಿ ‘ಪೊನ್’ ಕೇಳಿಸುವುದರಿಂದಲೇ ಕಬ್ಬಿಣ ಹೊನ್ನಾದ ಕಥೆ ಹುಟ್ಟಿರಬಹುದು. ಶಾಸನದ ಕನಕಪುರವೂ ಅದೇ ಕೇಳ್ಮೆಯ ಸಂಸ್ಕೃತ ರೂಪ. ಹೆಸರಿನಿಂದ ಕಥೆ ಹುಟ್ಟಿತೋ ಕಥೆಯಿಂದ ಹೆಸರೋ ಎಂದು ಪರೀಕ್ಷಿಸುವ ಅಭ್ಯಾಸ ತರಗತಿಗೆ ಬಹಳ ಹಿಡಿಸುವಂಥದು, ಹಾಗೆಯೇ ಅಪಾಯಕಾರಿಯೂ ಹೌದು. ಕೋಣಂದೂರು ಎಂಬ ಹೆಸರು ಕೇಳಿದೊಡನೆ ಕೋಣವನ್ನು ಕಾಣುವುದು ಎಷ್ಟು ಸಹಜವೆಂದರೆ, ಹೆಸರಿನ ಹಳೆಯ ರೂಪ ಯಾವುದೆಂದು ಕೇಳುವ ತಾಳ್ಮೆಯೇ ಉಳಿಯುವುದಿಲ್ಲ. ಸ್ಥಳನಾಮದ ಕಥೆ ಶಬ್ದದ ವ್ಯುತ್ಪತ್ತಿಗೆ ಸಾಕ್ಷಿಯಲ್ಲ. ಆ ಹೆಸರನ್ನು ಜನರು ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ಸಾಕ್ಷಿ.

ಎರಡನೆಯ ನಿದರ್ಶನ ಕೆಳದಿಯದು. ಹಳ್ಳಿಬೈಲಿನ ಚೌಡ, ಭದ್ರ ಎಂಬ ಅಣ್ಣತಮ್ಮಂದಿರು. ಹುತ್ತಕ್ಕೆ ಹಾಲು ಕರೆಯುವ ಹಸು. ಅಲ್ಲಿ ದೊರೆತ ಲಿಂಗ. ಮಲಗಿದ್ದ ಚೌಡನ ತಲೆಯ ಬಳಿ ಹೆಡೆಯೆತ್ತಿದ ಸರ್ಪ. ಉಳುವಾಗ ಸಿಕ್ಕ ಕತ್ತಿ ಮತ್ತು ನಿಧಿ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಈ ಪ್ರಸಂಗಗಳನ್ನು ಕಾವ್ಯಕ್ಕೆ ಒಳಪಡಿಸಿದೆ. ಇವುಗಳಲ್ಲಿ ಬಹುಪಾಲು ಭಾರತದ ಅನೇಕ ರಾಜವಂಶಗಳ ಮೂಲಕಥೆಗಳಲ್ಲಿ ಬರುವ ಆಶಯಗಳೇ. ಹಸು, ಹುತ್ತ, ಹೆಡೆ, ನಿಧಿ ಎಂದು ಪಟ್ಟಿ ಮಾಡಿ ‘ಇವು ಸಾರ್ವತ್ರಿಕ ಆಶಯಗಳು’ ಎಂದು ಬರೆದು ಮುಗಿಸುವ ವಿದ್ಯಾರ್ಥಿ ಅಂಕ ಗಳಿಸಬಹುದು. ಆದರೆ ಕೆಳದಿಯ ಕಥೆಯಲ್ಲಿ ಈ ಪಟ್ಟಿಗೆ ಸುಲಭವಾಗಿ ಸೇರದ ಒಂದು ಭಾಗವಿದೆ. ನಿಧಿಯು ನರಬಲಿಯನ್ನು ಬೇಡುತ್ತದೆ. ಮನೆಯ ಆಳುಗಳಾದ ಎಡವ, ಮುರಾರಿ ಎಂಬಿಬ್ಬರು ಸ್ವತಃ ತಲೆಯೊಡ್ಡುತ್ತಾರೆ; ಬದಲಿಗೆ ಅವರು ಕೇಳುವುದು ತಮ್ಮ ಹೆಸರು ಅರಸರ ಹೆಸರಿನೊಂದಿಗೆ ಉಳಿಯಬೇಕೆಂದು ಮಾತ್ರ.

ಕೆಳದಿ ಅರಸರ ಬಿರುದಾವಳಿಯಲ್ಲಿ ‘ಎಡವಮುರಾರಿ, ಕೋಟೆಕೋಲಾಹಲ’ ಎಂಬುವು ನಿಜವಾಗಿಯೂ ಇವೆ. ಬಿರುದನ್ನು ವಿವರಿಸಲು ಕಥೆ ಹುಟ್ಟಿತೋ, ಘಟನೆಯ ನೆನಪು ಬಿರುದಾಯಿತೋ ಎಂದು ದೊರೆತಿರುವ ಆಧಾರಗಳಿಂದ ಖಚಿತವಾಗಿ ಹೇಳಲಾಗದು. ಹೇಳಬಹುದಾದದ್ದು ಇಷ್ಟು: ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಸಾಗಿಸುತ್ತ, 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿಯುವವರೆಗೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಮನೆತನವು ತನ್ನ ಐಶ್ವರ್ಯದ ಬುಡದಲ್ಲಿ ಇಬ್ಬರು ಆಳುಗಳ ರಕ್ತವಿದೆ ಎಂಬ ಕಥೆಯನ್ನು ಅಳಿಸಲಿಲ್ಲ. ಆದರೆ ಅದನ್ನು ಸ್ವಾಮಿನಿಷ್ಠೆಯ ಕಥೆಯನ್ನಾಗಿ ಉಳಿಸಿತು. ಇಬ್ಬರೂ ಒಪ್ಪಿಯೇ ತಲೆಕೊಟ್ಟರು ಎಂಬ ಮಾತು ಅರಮನೆಯ ಕಡೆಯದು. ಒಡೆಯನ ನೆಲದಲ್ಲಿ ಆಳಿನ ಒಪ್ಪಿಗೆಗೆ ಎಷ್ಟು ಅರ್ಥವಿತ್ತು ಎಂಬ ಪ್ರಶ್ನೆಯನ್ನು ಕಾವ್ಯ ಎತ್ತುವುದಿಲ್ಲ, ತರಗತಿ ಎತ್ತಬಹುದು. ಎತ್ತಿದರೆ ಪುರಾಣವನ್ನು ಅವಮಾನಿಸಿದಂತಾಗುವುದಿಲ್ಲ. ಅದರೊಳಗೆ ಹುದುಗಿ ಬಂದ ಇಬ್ಬರ ಹೆಸರನ್ನು, ಅವರೇ ಕೇಳಿಕೊಂಡಂತೆ, ಗಂಭೀರವಾಗಿ ತೆಗೆದುಕೊಂಡಂತಾಗುತ್ತದೆ.

ಕೆಳದಿಯ ವೃತ್ತಾಂತ ಕಾಗದಕ್ಕೆ ಬಂದ ಇನ್ನೊಂದು ಬಗೆಯೂ ಬೋಧಪ್ರದವಾಗಿದೆ. ಶ್ರೀರಂಗಪಟ್ಟಣ ಬಿದ್ದ ಎರಡು ವರ್ಷಕ್ಕೆ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿ ಇಕ್ಕೇರಿ ಅರಸರ ಚರಿತ್ರೆಯನ್ನು ಸ್ಥಳೀಯರಿಂದ ಕೇಳಿ ಬರೆದುಕೊಂಡ. 1807ರಲ್ಲಿ ಅದು ಅವನ ಪ್ರವಾಸ ಗ್ರಂಥದಲ್ಲಿ ಅಚ್ಚಾಯಿತು. ಕೇಳಿದವನು ಹೊಸ ಸರ್ಕಾರದ ಮನುಷ್ಯ. ಹೇಳಿದವರಿಗೆ ಮುಂದಿನ ಭೂಕಂದಾಯ, ಮಾನ್ಯ, ಉಂಬಳಿಗಳ ಚಿಂತೆಯಿದ್ದ ಕಾಲ. ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಿಗೂ ಈ ಮಾತು ಅನ್ವಯಿಸುತ್ತದೆ. ಯಾರು ಕೇಳಿದರು ಎಂಬುದು ಏನು ಹೇಳಿದರು ಎಂಬುದನ್ನು ಬದಲಿಸುತ್ತದೆ. ಕಾಲೇಜಿನಿಂದ ಮೊಬೈಲ್ ಹಿಡಿದು ಬರುವ ಮೊಮ್ಮಗಳಿಗೆ ಹೇಳುವ ಮಾತು, ತಾಲ್ಲೂಕು ಕಚೇರಿಯವರಿಗೆ ಹೇಳುವ ಮಾತು, ಜಾತ್ರೆಯಲ್ಲಿ ಹೇಳುವ ಮಾತು ಬೇರೆ ಬೇರೆ. ಆದ್ದರಿಂದ ವಿದ್ಯಾರ್ಥಿಯ ಟಿಪ್ಪಣಿಯಲ್ಲಿ ವಕ್ತೃವಿನ ವಿವರದಷ್ಟೇ ಕೇಳಿದವರ ವಿವರವೂ ಇರಬೇಕು: ಯಾವ ಊರಿನವರು, ಯಾವ ಮನೆಯವರು, ವಕ್ತೃವಿಗೆ ಏನಾಗಬೇಕು, ಹತ್ತಿರದಲ್ಲಿ ಮತ್ತಾರು ಕುಳಿತಿದ್ದರು.

ತರಗತಿಯೆಂಬುದೂ ಒಂದೇ ಸಮುದಾಯವಲ್ಲ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಮಾರಿಯ ಬಗ್ಗೆ ಕರ್ನಾಟಕದ ಹಲವೆಡೆ ಹೇಳುವ ಕಥೆಯಲ್ಲಿ, ಕುಲ ಮರೆಮಾಚಿ ಮೇಲ್ಜಾತಿಯ ಹೆಣ್ಣನ್ನು ಮದುವೆಯಾದ ಕೆಳಜಾತಿಯ ಯುವಕನ ಗುಟ್ಟು ಬಯಲಾಗುತ್ತದೆ. ಅವಳು ಮಾರಿಯಾಗುತ್ತಾಳೆ, ಅವನು ಬಲಿಯ ಕೋಣವಾಗುತ್ತಾನೆ. ಈ ಕಥೆಯನ್ನು ಅಧ್ಯಾಪಕರು ‘ಆಶಯ’ವಾಗಿ ವಿವರಿಸುವಾಗ ಹಿಂದಿನ ಬೆಂಚಿನಲ್ಲಿ ಕುಳಿತ ದಲಿತ ವಿದ್ಯಾರ್ಥಿ ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದು ಬೋಧನೆಯ ಹೊರಗಿನ ಸಂಗತಿಯಲ್ಲ. ಕೋಣವಾದವನ ಕಡೆಯಿಂದ ಕಥೆ ಹೇಳಿದರೆ ಅದು ಶಿಕ್ಷೆಯ ನ್ಯಾಯವನ್ನು ಸ್ಥಾಪಿಸುವ ಕಥೆಯೋ ಅಥವಾ ಆದ ಅನ್ಯಾಯವನ್ನು ಮರೆಯಗೊಡದ ಕಥೆಯೋ? ಸಂಗ್ರಹ ಗ್ರಂಥಗಳಲ್ಲಿ ಒಂದೇ ಪಾಠ ಅಚ್ಚಾಗಿರುವುದರಿಂದ ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ದೊರೆಯದು. ಬೇರೆ ಬೇರೆ ಕೇರಿಗಳಲ್ಲಿ ಕೇಳಬೇಕಾಗುತ್ತದೆ. ಕೆಲವು ಮನೆಗಳಲ್ಲಿ ಹೇಳಲು ಒಪ್ಪುವುದಿಲ್ಲ. ಆ ನಿರಾಕರಣೆಯನ್ನು ಒತ್ತಾಯದಿಂದ ಮುರಿಯದೆ, ನಿರಾಕರಣೆಯೆಂದೇ ದಾಖಲಿಸುವುದು ಸರಿಯಾದ ಕ್ರಮ.

ಪ್ರದರ್ಶನವಾಗಿ ಉಳಿದಿರುವ ಪರಂಪರೆಗೆ ಈ ಸೀಮೆಯಲ್ಲಿ ಅಂಟಿಗೆ ಪಂಟಿಗೆಗಿಂತ ಉತ್ತಮ ಪಾಠ ಸಿಗುವುದು ಕಷ್ಟ. ಕೆಲವೆಡೆ ಇದನ್ನು ಹಬ್ಬ ಹಾಡುವುದೆಂದೂ ಕರೆಯುತ್ತಾರೆ. ದೀಪಾವಳಿಯ ರಾತ್ರಿ ಗಂಡಸರ ತಂಡವೊಂದು ದೀಪ ಹಿಡಿದು ಮನೆಮನೆಗೆ ಹೋಗಿ ಬಲೀಂದ್ರನನ್ನು ಹಾಡುತ್ತದೆ. ಮನೆಯವರು ಎಣ್ಣೆ ಎರೆದು, ಆ ಜ್ಯೋತಿಯಿಂದ ತಮ್ಮ ದೀಪ ಹೊತ್ತಿಸಿಕೊಂಡು, ಅಕ್ಕಿ ಕಾಯಿ ಕಾಣಿಕೆ ಕೊಡುತ್ತಾರೆ. ದೀಪ ದಾರಿಯಲ್ಲಿ ಆರಬಾರದು. ಅರ್ಧ ತಂಡ ಒಂದು ಸಾಲನ್ನು ಎತ್ತಿದರೆ ಉಳಿದರ್ಧ ಅದನ್ನು ಹಿಡಿಯುತ್ತದೆ. ಗ್ರಂಥಸ್ಥ ಪುರಾಣದಲ್ಲಿ ಬಲಿಯು ವಾಮನನ ಪಾದದಡಿ ಪಾತಾಳಕ್ಕೆ ಹೋದ ಅಸುರ. ಇಲ್ಲಿ ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುವ ಒಡೆಯ. ಗೆದ್ದವನ ಪುರಾಣ ಒಂದಿದ್ದರೂ ಹಬ್ಬ ಸೋತವನದು.

ಯುಗೊಸ್ಲಾವಿಯದ ಗಾಯಕರನ್ನು ಅಭ್ಯಸಿಸಿದ ಮಿಲ್ಮನ್ ಪ್ಯಾರಿಯ ಕೆಲಸವನ್ನು ಮುಂದುವರಿಸಿ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯ ತಿಳಿವಳಿಕೆ ಇಲ್ಲಿ ನೆರವಾಗುತ್ತದೆ. ಹಾಡುಗಾರನು ಕಂಠಪಾಠ ಒಪ್ಪಿಸುವುದಿ‌ಲ್ಲ. ಹಾಡುವಾಗಲೇ ಸಿದ್ಧ ನುಡಿಗಟ್ಟುಗಳಿಂದ ಹಾಡನ್ನು ಕಟ್ಟುತ್ತಾನೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಲೌರಿ ಹೊಂಕೊ ಅವರ ತಂಡದ ಮೂಲಕ 1998ರಲ್ಲಿ 15,683 ಸಾಲುಗಳಲ್ಲಿ ಪ್ರಕಟವಾದಾಗ, ಇಡಿಯಾಗಿ ಹಾಡಲು ಅವಕಾಶ ದೊರೆತರೆ ಒಬ್ಬ ಗಾಯಕನ ಮನಸ್ಸಿನಲ್ಲಿರುವ ಕಾವ್ಯ ಎಷ್ಟು ದೊಡ್ಡದಾಗಬಲ್ಲದೆಂದು ತಿಳಿಯಿತು. ಅಂಟಿಗೆ ಪಂಟಿಗೆಯ ಒಂದೇ ತಂಡವನ್ನು ಒಂದೇ ರಾತ್ರಿ ಮೂರು ಮನೆಗಳಲ್ಲಿ ಕೇಳಿಸಿಕೊಂಡ ವಿದ್ಯಾರ್ಥಿಗೆ ಈ ತತ್ತ್ವ ಬೇರೆ ವಿವರಣೆ ಬೇಡದೆ ತಿಳಿಯುತ್ತದೆ. ಮನೆ ದೊಡ್ಡದಾದರೆ ಹಾಡು ಬೆಳೆಯುತ್ತದೆ, ಬೆಳಗಾಗುತ್ತಿದ್ದರೆ ಕುಗ್ಗುತ್ತದೆ. ವೇದಿಕೆಯ ಮೇಲೆ ಹತ್ತು ನಿಮಿಷದ ಸ್ಪರ್ಧೆಗೆ ತಂದ ಅಂಟಿಗೆ ಪಂಟಿಗೆಯಲ್ಲಿ ಉಳಿಯುವುದು ಪಠ್ಯ ಮಾತ್ರ.

ಈಗ ಸಾಕ್ಷಿಗಳಿರುವ ಕಾಲಕ್ಕೆ ಬರಬಹುದು. ಕಾಗೋಡು ಸತ್ಯಾಗ್ರಹ 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆರಂಭವಾಯಿತು. ಗೇಣಿ ಅಳೆಯುವ ಕೊಳಗದ ಅಳತೆಯೇ ಅದರ ಕಿಡಿ. ಎಚ್. ಗಣಪತಿಯಪ್ಪ ಸಂಘಟಿಸಿದ ರೈತರು, ಬಹುಪಾಲು ದೀವರು, ಒಡೆಯರ ದೊಡ್ಡ ಕೊಳಗವನ್ನು ಒಪ್ಪಲು ನಿರಾಕರಿಸಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಅದರೊಳಗೆ ಬಂದರು; ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧಿತರಾದರು. ಉಳುವವನಿಗೆ ನೆಲ ಕೊಡಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಡುವೆ ಇಪ್ಪತ್ಮೂರು ವರ್ಷಗಳ ಅಂತರವಿದೆ.

ವಕ್ತೃವೊಬ್ಬರು ಈ ಇಪ್ಪತ್ಮೂರು ವರ್ಷಗಳನ್ನು ಒಂದೆರಡಕ್ಕೆ ಮಡಿಸಿ, ಲೋಹಿಯಾ ಬಂದರು ನೆಲ ಸಿಕ್ಕಿತು ಎಂದು ಹೇಳಿದರೆ ವಿದ್ಯಾರ್ಥಿ ಏನು ಮಾಡಬೇಕು? ಇಟಲಿಯ ವಿದ್ವಾಂಸ ಅಲೆಸ್ಸಾಂದ್ರೊ ಪೋರ್ತೆಲ್ಲಿಯ ಒಂದು ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ತೆರ್ನಿ ಎಂಬ ಉಕ್ಕಿನ ಪಟ್ಟಣದಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ 1949ರಲ್ಲಿ, ನ್ಯಾಟೊ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ, ಪೊಲೀಸರಿಂದ ಹತನಾದ. ಅನೇಕ ಕಾರ್ಮಿಕರ ನೆನಪಿನಲ್ಲಿ ಅವನು ಸತ್ತದ್ದು 1953ರಲ್ಲಿ, ಸಾಮೂಹಿಕವಾಗಿ ಕೆಲಸದಿಂದ ತೆಗೆದುಹಾಕಿದಾಗಿನ ಹೋರಾಟದಲ್ಲಿ. ಪೋರ್ತೆಲ್ಲಿ ಇದನ್ನು ಮರೆವೆಂದು ತಳ್ಳಲಿಲ್ಲ. ದೂರದ ಒಪ್ಪಂದವೊಂದಕ್ಕಾಗಿ ಗೆಳೆಯ ಸತ್ತನೆಂಬುದಕ್ಕಿಂತ ಅನ್ನಕ್ಕಾಗಿ ಸತ್ತನೆಂಬುದು ಆ ಸಾವಿಗೆ ತಕ್ಕ ಅರ್ಥವೆಂದು ಸಮುದಾಯ ಭಾವಿಸಿತು. ತಾರೀಖು ಆ ಅರ್ಥದ ಹಿಂದೆ ಸರಿಯಿತು. ಮೌಖಿಕ ಮೂಲದ ತಪ್ಪು ತಾರೀಖು ಕೂಡ ಒಂದು ಮಾಹಿತಿಯೇ. ಆದರೆ ತಾರೀಖು ತಪ್ಪೆಂದು ಗೊತ್ತಾಗಬೇಕಾದರೆ ಸರಿಯಾದುದು ಗೊತ್ತಿರಬೇಕು. ಅಂದಿನ ಪತ್ರಿಕೆ, ನ್ಯಾಯಾಲಯದ ಕಡತ, ಪಹಣಿಗಳನ್ನು ಓದಲು ಬಾರದ ವಿದ್ಯಾರ್ಥಿ ನೆನಪಿನ ಅಧ್ಯಯನಕ್ಕೂ ಸಿದ್ಧನಾಗಿರುವುದಿಲ್ಲ. ಕೊಳಗವೆಂದರೇನು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವೇನು ಎಂದು ತಿಳಿಯದೆ ಕಾಗೋಡಿನ ಕಥೆ ಕೇಳಿದರೆ ಸಿಟ್ಟಿನ ಮೂಲವೇ ಹಿಡಿತಕ್ಕೆ ಸಿಗದು.

ಮುಳುಗಡೆಯ ನೆನಪಿನಲ್ಲಿ ತೂಗುತ್ತಿರುವುದು ಇನ್ನೂ ಹೆಚ್ಚಿನದು. ಹಿರೇಭಾಸ್ಕರದ ಅಣೆಕಟ್ಟೆ 1940ರ ದಶಕದ ಕೊನೆಗೆ ಬಂತು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡು ಆ ಮೊದಲ ಕಟ್ಟೆಯನ್ನೇ ಮುಳುಗಿಸಿತು. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ನೀರು ತೀರ ಇಳಿದ ಬೇಸಗೆಗಳಲ್ಲಿ ಹಳೆಯ ಕಟ್ಟೆ ಮೇಲೆದ್ದು ಕಾಣುತ್ತದೆ. ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿಂದ ಕನ್ನಡದ ಓದುಗರಿಗೆ ಈ ಲೋಕ ಅಪರಿಚಿತವಲ್ಲ. ಆದರೆ ಕಾದಂಬರಿಯ ಓದು ಬೇರೆ, ಊರಿನ ಹೆಸರು, ಗದ್ದೆಯ ಹೆಸರು, ಬನದ ಚೌಡಿ, ಸುಡುಗಾಡು, ಹಳ್ಳದ ದಾರಿಗಳನ್ನು ಒಂದೊಂದಾಗಿ ಹೇಳಬಲ್ಲವರ ನೆನಪು ಬೇರೆ. ಅಂಥ ನೆನಪು ಸಾಮಾನ್ಯವಾಗಿ ಕಥೆಯ ರೂಪದಲ್ಲಿರುವುದಿಲ್ಲ. ಪಟ್ಟಿಯ ರೂಪದಲ್ಲಿರುತ್ತದೆ, ನಡೆದು ಹೋಗುವ ಕ್ರಮದಲ್ಲಿರುತ್ತದೆ. ವಿದ್ಯಾರ್ಥಿಗಳು ‘ಒಂದು ಕಥೆ ಹೇಳಿ’ ಎಂದು ಕೇಳಿದಾಗ ಅದು ಹೊರಗೆ ಬಾರದು. ‘ನಿಮ್ಮ ಮನೆಯಿಂದ ಕೆರೆಗೆ ಹೇಗೆ ಹೋಗುತ್ತಿದ್ದಿರಿ’ ಎಂದು ಕೇಳಿದರೆ ಬರುತ್ತದೆ.

ಇಂಥ ಹೇಳಿಕೆಗೆ ಕಾನೂನಿನಲ್ಲಿಯೂ ಸ್ಥಾನವಿದೆ ಎಂಬುದು ತರಗತಿಗಳಲ್ಲಿ ಅಷ್ಟಾಗಿ ಚರ್ಚೆಯಾಗದ ಸಂಗತಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2008ರಲ್ಲಿ ಬಂದ ನಿಯಮಗಳ 13ನೆಯ ನಿಯಮವು, ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದಲ್ಲಿ ಅದನ್ನೂ ಸಾಕ್ಷ್ಯಗಳಲ್ಲಿ ಒಂದಾಗಿ ಪರಿಗಣಿಸುತ್ತದೆ. ಸಮುದಾಯದ ಹಕ್ಕಿನ ವಿಷಯದಲ್ಲಿ ಪವಿತ್ರ ಮರ, ಬನ, ಕೆರೆ, ಸುಡುಗಾಡುಗಳ ಕುರುಹುಗಳಿಗೂ ಬೆಲೆಯಿದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ, ವಾಸವನ್ನು ತೋರಿಸಬೇಕು. 1960ರ ದಶಕದಲ್ಲಿ ಎದ್ದು ಬಂದವರಿಗೆ ಹೊಸ ನೆಲದಲ್ಲಿ ಅಷ್ಟು ವರ್ಷಗಳ ಲೆಕ್ಕವಿಲ್ಲ. ಲೆಕ್ಕವಿರುವ ಹಳೆಯ ನೆಲ ನೀರಿನಡಿಯಲ್ಲಿದೆ. ಹುಂಚದಲ್ಲಿ ಬಾಯ್ಮಾತನ್ನು ಕಲ್ಲಿಗೆ ಇಳಿಸಲು ಬಸದಿ ಕಟ್ಟಿಸಿದ ರಾಣಿಯಿದ್ದಳು, ಕೆಳದಿಯಲ್ಲಿ ಕವಿಯಿದ್ದ. ಹಿನ್ನೀರಿನ ಊರುಗಳಿಗೆ ಬರೆದುಕೊಳ್ಳುವವರು ಯಾರೆಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ. ಹಾಗೆಂದು ವಿದ್ಯಾರ್ಥಿಯ ಟಿಪ್ಪಣಿಯೇ ಅರ್ಜಿಯಾಗಿಬಿಡುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹೆಸರು, ತಾರೀಖು, ಸ್ಥಳ, ವಕ್ತೃವಿನ ಒಪ್ಪಿಗೆ, ವಕ್ತೃವಿನ ಮಾತಿನ ಯಥಾವತ್ತಾದ ಬರಹ ಇರುವ ದಾಖಲೆ ಮಾತ್ರ ಎರಡೂ ಕಡೆ ಸಲ್ಲುತ್ತದೆ. ದೀವರ ಮನೆಯ ಕನ್ನಡವನ್ನೋ ಹಸಲರ ಕನ್ನಡವನ್ನೋ ‘ಶುದ್ಧ’ಗೊಳಿಸಿ ಗ್ರಾಂಥಿಕಕ್ಕೆ ತಿರುಗಿಸಿದ ಬರಹ ಭಾಷಾವಿಜ್ಞಾನಕ್ಕೂ ಸಲ್ಲದು, ಸಾಕ್ಷ್ಯವಾಗಿಯೂ ಬಲ ಕಳೆದುಕೊಳ್ಳುತ್ತದೆ. ಧ್ವನಿಮುದ್ರಣದ ಒಂದು ಪ್ರತಿ ವಕ್ತೃವಿನ ಮನೆಗೆ ಹಿಂದಿರುಗಬೇಕು; ಇನ್ನೊಂದು ಕಾಲೇಜಿನ ಗ್ರಂಥಾಲಯದಲ್ಲಿ ಸೂಚಿಯೊಂದಿಗೆ ಉಳಿಯಬೇಕು. ಆಂತರಿಕ ಮೌಲ್ಯಮಾಪನದ ಅಂಕ ಹಾಕಿ ಮುಗಿದ ಮೇಲೆ ಇಂಥ ಯೋಜನಾ ಬರಹಗಳನ್ನು ರದ್ದಿಗೆ ಹಾಕುವ ಪದ್ಧತಿ ಎಲ್ಲಿದ್ದರೂ ಅದು ನಿಲ್ಲಬೇಕು.

ಹೊಸ ನೆನಪುಗಳೂ ಇದೇ ಹಿನ್ನೀರಿನಲ್ಲಿ ಸೇರಿಕೊಳ್ಳುತ್ತಿವೆ. ನೀರು ಏರಿದ ಮೇಲೆ ಸಾಗರದಿಂದ ಬೇರ್ಪಟ್ಟ ತುಮರಿ ಭಾಗದ ಜನರು ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಬಿಡುತ್ತಿತ್ತು, ಅದು ತಪ್ಪಿದ ರಾತ್ರಿ ಎಲ್ಲಿ ಉಳಿಯುತ್ತಿದ್ದರು, ಹೆರಿಗೆ ನೋವು ಬಂದವರನ್ನು ದಾಟಿಸಿದ್ದು ಹೇಗೆ, ನೀರು ಇಳಿದ ಬೇಸಗೆಯಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ತೊಂಬತ್ತು ದಾಟಿದವರು ಮಾತ್ರವಲ್ಲ. ಅವರಲ್ಲಿ ಕೆಲವರು ಇಂದು ಪದವಿ ತರಗತಿಗಳ ಬೆಂಚುಗಳ ಮೇಲೆಯೇ ಕುಳಿತಿದ್ದಾರೆ.